ಉದ್ಯೋಗಕ್ಕೂ ಮನೆತನ ವಿಚಾರಿಸಬೇಡವೇ?

ಕಳೆದ ಮಳೆಗಾಲದ ಆರಂಭದಲ್ಲಿ ನಮ್ಮೂರಿನ ತರುಣನೊಬ್ಬ ನೇಮಕಾತಿ ಪತ್ರ ಹಿಡಿದು ನಮ್ಮ ಮನೆಗೆ ಬಂದ. ಕೃಷಿ ವಿಜ್ಞಾನದಲ್ಲಿ ಪದವಿ ಮುಗಿಸಿ ಒಂದು ವರ್ಷ ಕಳೆದಿತ್ತು. ಕೀಟನಾಶಕ, ಶಿಲೀಂಧ್ರನಾಶಕಗಳನ್ನು ಮಾರುವ ದೊಡ್ಡ ಕಂಪನಿಯೊಂದು ಅವನನ್ನು ಮಲೆನಾಡಿನ ನಾಲ್ಕು ತಾಲ್ಲೂಕುಗಳಿಗೆ ಮಾರಾಟ ಪ್ರತಿನಿಧಿಯಾಗಿ ಆರಿಸಿತ್ತು. ಜೊತೆಗೆ ಬಂದಿದ್ದ ತಂದೆ ಸಂಬಳದ ಮೊತ್ತ ಹೇಳಿದರು. ಪೆಟ್ರೋಲ್ ಭತ್ಯೆ ಹೇಳಿದರು. ಗುರಿ ಮುಟ್ಟಿದವರನ್ನು ಕಂಪನಿಯ ಖರ್ಚಿನಲ್ಲೇ ವಿದೇಶ ಪ್ರವಾಸಕ್ಕೆ ಕಳುಹಿಸುತ್ತಾರಂತೆ ಎಂಬುದನ್ನೂ ಹೇಳಿದರು. "ಕಂಪನಿ ಎಂಥದ್ದು ಎಂದು ವಿಚಾರಿಸಿದಿರಾ?" ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ದಿನವೂ ಟಿ.ವಿ.ಯಲ್ಲಿ ಬರುತ್ತದಲ್ಲ, ವಿಚಾರಿಸುವುದೇನು?" ಎಂದರು.

ಇದೇ ಮಹನೀಯರು ಎರಡು ವರ್ಷಗಳ ಹಿಂದೆ ಮಗಳಿಗೆ ಸಂಬಂಧ ನೋಡುವಾಗ ಮೂರು ಊರು ಸುತ್ತಿ ಬಂದಿದ್ದರು. ಆ ಮನೆಯಲ್ಲಿ ಜಮೀನಿನ ವ್ಯಾಜ್ಯವಿದೆಯೇ, ಹಿರಿಯ ಸೊಸೆಯನ್ನು ಹೇಗೆ ನಡೆಸಿಕೊಳ್ಳುತ್ತಾರೆ, ಆಳುಕಾಳುಗಳು ವರ್ಷಗಟ್ಟಲೆ ನಿಲ್ಲುತ್ತಾರೆಯೇ ಅಥವಾ ತಿಂಗಳಿಗೊಬ್ಬರಂತೆ ಓಡಿಹೋಗುತ್ತಾರೆಯೇ ಎಂದೆಲ್ಲ ವಿಚಾರಿಸಿದ್ದರು. ಅಂಗಳದಲ್ಲಿ ನಿಂತ ಕಾರನ್ನು ನೋಡಿ ಮಗಳನ್ನು ಕೊಟ್ಟವರಲ್ಲ. ಆದರೆ ಮಗ ದಿನದ ಹತ್ತು ಗಂಟೆ ಕಳೆಯಲಿರುವ, ಅವನ ಹೆಸರನ್ನೂ ಪದವಿಯನ್ನೂ ಬಳಸಿಕೊಳ್ಳಲಿರುವ ಮನೆಯ ಬಗ್ಗೆ ಅವರು ಕೇಳಿದ್ದು ಸಂಬಳವೊಂದನ್ನೇ.

ಇದು ಒಬ್ಬ ತಂದೆಯ ದೋಷವಲ್ಲ. ಮಲೆನಾಡಿನ ವಿದ್ಯಾವಂತ ಸಮಾಜವೇ ಈ ಸ್ಥಿತಿಯಲ್ಲಿದೆ. ನಮ್ಮ ಕಾಲೇಜುಗಳ ಉದ್ಯೋಗ ಮಾರ್ಗದರ್ಶನ ಶಿಬಿರಗಳಲ್ಲಿ ಅರ್ಜಿ ಬರೆಯುವ ಕ್ರಮ, ಸಂದರ್ಶನದಲ್ಲಿ ಕುಳಿತುಕೊಳ್ಳುವ ಕ್ರಮ, ಟೈ ಕಟ್ಟುವ ಕ್ರಮ ಎಲ್ಲವನ್ನೂ ಕಲಿಸುತ್ತಾರೆ. ಕಂಪನಿಯನ್ನು ಪರೀಕ್ಷಿಸುವ ಕ್ರಮವನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಪರೀಕ್ಷೆಗೆ ಒಳಗಾಗಬೇಕಾದವನು ಅಭ್ಯರ್ಥಿಯೊಬ್ಬನೇ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಈ ಒಪ್ಪಿಗೆಯನ್ನು ನಾನು ಇಲ್ಲಿ ಪ್ರಶ್ನಿಸುತ್ತಿದ್ದೇನೆ. ನೈತಿಕತೆಯ ಉಪದೇಶ ಮಾಡುವುದು ನನ್ನ ಉದ್ದೇಶವಲ್ಲ. ಕಂಪನಿಯೊಂದು ತನ್ನ ಕೆಲಸಗಾರರನ್ನು ನಡೆಸಿಕೊಳ್ಳುವ ರೀತಿಯೂ ಅದು ಹೊರಗಿನ ನೆಲ, ಜಲ, ಜನರನ್ನು ನಡೆಸಿಕೊಳ್ಳುವ ರೀತಿಯೂ ಒಂದೇ ಬೇರಿನವು. ಒಂದನ್ನು ನೋಡಿ ಇನ್ನೊಂದನ್ನು ಊಹಿಸಬಹುದು. ಆದ್ದರಿಂದ ವಿಚಾರಿಸುವುದು ಆದರ್ಶವಾದಿಗಳ ವಿಲಾಸವಲ್ಲ, ಕೆಲಸಕ್ಕೆ ಸೇರುವವನ ಆತ್ಮರಕ್ಷಣೆ.

ಭೋಪಾಲ ಹೇಳುವ ಪಾಠ

ಯೂನಿಯನ್ ಕಾರ್ಬೈಡ್ ಎಂಬ ಹೆಸರು 1984ಕ್ಕೆ ಮೊದಲು ಈ ದೇಶದಲ್ಲಿ ಕೆಟ್ಟ ಹೆಸರಾಗಿರಲಿಲ್ಲ ಎಂಬುದನ್ನು ಇಂದಿನ ತರುಣರು ತಿಳಿಯಬೇಕು. ಹಳ್ಳಿ ಹಳ್ಳಿಯ ಟಾರ್ಚುಗಳಲ್ಲಿದ್ದ ಎವರೆಡಿ ಬ್ಯಾಟರಿ ಅವರದ್ದೇ. ವಿಜ್ಞಾನವು ನವಭಾರತವನ್ನು ಕಟ್ಟುತ್ತಿದೆ ಎಂಬ ಆಶಯದ ಜಾಹೀರಾತನ್ನು ಆ ಕಂಪನಿ 1962ರಷ್ಟು ಹಿಂದೆಯೇ ಪ್ರಕಟಿಸಿತ್ತು. ಅಲ್ಲಿ ಕೆಲಸ ಸಿಕ್ಕರೆ ಜನ್ಮ ಸಾರ್ಥಕ ಎನ್ನುವ ಎಂಜಿನಿಯರುಗಳಿಗೆ ಕೊರತೆ ಇರಲಿಲ್ಲ. ಭೋಪಾಲದಲ್ಲಿ ಅದು ತಯಾರಿಸುತ್ತಿದ್ದದ್ದು ರೈತರಿಗೆಂದೇ ಮಾಡಿದ ಸೆವಿನ್ ಎಂಬ ಕೀಟನಾಶಕ.

ಆ ಕಾರ್ಖಾನೆಯ ಒಳಗಿನ ಚಿತ್ರ ಬೇರೆಯೇ ಇತ್ತು. 1981ರ ಡಿಸೆಂಬರಿನಲ್ಲಿ ಫಾಸ್ಜೀನ್ ಸೋರಿ ಒಬ್ಬ ಕಾರ್ಮಿಕ ಸತ್ತ. 1982ರಲ್ಲಿ ಮಾತೃಸಂಸ್ಥೆಯ ತಜ್ಞರ ತಂಡವೇ ಬಂದು ಸುರಕ್ಷತೆಯ ಲೋಪಗಳನ್ನು ಪಟ್ಟಿ ಮಾಡಿತು. ಅದೇ ವರ್ಷ ಭೋಪಾಲದ ಪತ್ರಕರ್ತ ರಾಜಕುಮಾರ ಕೇಸ್ವಾನಿ ತಮ್ಮ ಸಣ್ಣ ಪತ್ರಿಕೆಯಲ್ಲಿ ಎಚ್ಚರಿಕೆಯ ಲೇಖನಗಳನ್ನು ಬರೆದರು. ಕಂಪನಿ ಮಾಡಿದ್ದಾದರೂ ಏನು? ಲಾಭ ಕಡಿಮೆಯಾಯಿತೆಂದು ಸಿಬ್ಬಂದಿಯನ್ನು ಇಳಿಸಿತು. ಅನಿಲದ ತೊಟ್ಟಿಯನ್ನು ತಂಪಾಗಿಡಬೇಕಾದ ಶೀತಲೀಕರಣ ಘಟಕವನ್ನು 1984ರಲ್ಲಿ ನಿಲ್ಲಿಸಿತು. ಡಿಸೆಂಬರ್ 2ರ ಮಧ್ಯರಾತ್ರಿ ಮೀಥೈಲ್ ಐಸೊಸೈನೇಟ್ ಹೊರನುಗ್ಗಿದಾಗ ಅದನ್ನು ಸುಟ್ಟುಹಾಕಬೇಕಾಗಿದ್ದ ಜ್ವಾಲಾಗೋಪುರ ದುರಸ್ತಿಗೆಂದು ಕಳಚಿಟ್ಟ ಸ್ಥಿತಿಯಲ್ಲಿತ್ತು. ಸಾವಿರಾರು ಜನ ಸತ್ತರು. ಉಳಿದವರು ತಲೆಮಾರುಗಳವರೆಗೆ ನರಳಿದರು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಗೋಡೆಯ ಹೊರಗಿದ್ದ ಗುಡಿಸಲಿನವರಿಗೆ ವಿಷ ತಲುಪುವ ಮೂರು ವರ್ಷ ಮೊದಲೇ ಗೋಡೆಯ ಒಳಗಿದ್ದವನಿಗೆ ಅದು ತಲುಪಿತ್ತು. ಒಳಗಿನ ಕೆಲಸಗಾರನ ಶ್ವಾಸಕೋಶಕ್ಕೆ ಬೆಲೆ ಕೊಡದ ಕಂಪನಿ ಹೊರಗಿನವರ ಶ್ವಾಸಕೋಶಕ್ಕೆ ಬೆಲೆ ಕೊಡಲಿಲ್ಲ. ಇದು ಆಕಸ್ಮಿಕವಲ್ಲ, ಸ್ವಭಾವ.

ಎರಡನೆಯ ಸಂಗತಿ ಇನ್ನೂ ಕಟುವಾದದ್ದು. ದುರಂತದ ನಂತರ ಕಂಪನಿ ಮುಂದಿಟ್ಟ ವಾದವೇನು? ಅತೃಪ್ತ ಕೆಲಸಗಾರನೊಬ್ಬ ಬೇಕೆಂದೇ ತೊಟ್ಟಿಗೆ ನೀರು ಬಿಟ್ಟ ಎಂಬುದು. ಅಮೆರಿಕದಿಂದ ಬಂದ ಅಧ್ಯಕ್ಷ ವಾರೆನ್ ಆಂಡರ್ಸನ್ ಬಂಧನಕ್ಕೊಳಗಾಗಿ, ಜಾಮೀನು ಪಡೆದು, ವಿಮಾನ ಏರಿ ಹೋದವರು ವಿಚಾರಣೆಗೆ ಮರಳಲೇ ಇಲ್ಲ. 2014ರಲ್ಲಿ ತಮ್ಮ ದೇಶದಲ್ಲೇ ತೀರಿಕೊಂಡರು. 2010ರ ಜೂನ್ 7ರಂದು ಭೋಪಾಲದ ನ್ಯಾಯಾಲಯ ತಪ್ಪಿತಸ್ಥರೆಂದು ಘೋಷಿಸಿದಾಗ ಪಟ್ಟಿಯಲ್ಲಿ ಇದ್ದವರೆಲ್ಲ ಭಾರತೀಯರೇ. ಅವರಲ್ಲಿ ಭಾರತೀಯ ಶಾಖೆಯ ಅಧ್ಯಕ್ಷರಿದ್ದರು. ಜೊತೆಗೆ ಘಟಕದ ಮೇಲ್ವಿಚಾರಕರೂ, ಉತ್ಪಾದನಾ ಸಹಾಯಕರ ಹಂತದ ನೌಕರರೂ ಇದ್ದರು. 26 ವರ್ಷ ಕಟಕಟೆಯಲ್ಲಿ ನಿಂತವರಲ್ಲಿ ಒಂದು ಕಾಲದಲ್ಲಿ ನೇಮಕಾತಿ ಪತ್ರ ಹಿಡಿದು ಊರಿಗೆಲ್ಲ ಸಿಹಿ ಹಂಚಿದವರೂ ಇದ್ದಿರಬೇಕು. ಲಾಭ ದೂರಕ್ಕೆ ಹರಿಯುತ್ತದೆ. ಕಳಂಕ ಮಾತ್ರ ಸ್ಥಳೀಯ ಸಹಿಯ ಮೇಲೆ ಉಳಿಯುತ್ತದೆ. ತರುಣರು ಮರೆಯಬಾರದ ಸತ್ಯ ಇದು.

ನಮ್ಮದೇ ನೆಲದ ಸಾಕ್ಷಿ

ಭೋಪಾಲ ದೂರ, ಅದು ಖಾಸಗಿ ಕಂಪನಿ ಎನ್ನುವವರಿಗೆ ನಮ್ಮ ಘಟ್ಟದ ಬುಡದ ಉದಾಹರಣೆಯಿದೆ. ಕಾಸರಗೋಡಿನ ಗೇರುತೋಟಗಳ ಮೇಲೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಕೇರಳ ಸರ್ಕಾರದ ಪ್ಲಾಂಟೇಶನ್ ನಿಗಮ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಅದನ್ನೇ ಮಾಡಿದ್ದು ಕರ್ನಾಟಕ ಗೇರು ಅಭಿವೃದ್ಧಿ ನಿಗಮ. ಆ ವಿಷವನ್ನು ತಯಾರಿಸಿದವರಲ್ಲಿ ಕೇಂದ್ರ ಸರ್ಕಾರದ ಹಿಂದುಸ್ತಾನ್ ಇನ್ಸೆಕ್ಟಿಸೈಡ್ಸ್ ಕೂಡ ಒಂದು. "ಸರ್ಕಾರಿ ಕೆಲಸ, ಚಿಂತೆಯಿಲ್ಲ" ಎಂಬ ನಮ್ಮ ಹಳೆಯ ನೆಮ್ಮದಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕೇ? ಸಿಂಪಡಿಸಿದವರು, ಲೆಕ್ಕ ಬರೆದವರು, ಮದ್ದು ಕಲಸಿದವರು ಬಹುಪಾಲು ಅದೇ ಊರುಗಳ ಜನ. ಅವರ ಬಾವಿಗಳ ಮೇಲೂ ಅದೇ ಮೋಡ ಇಳಿಯಿತು. ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದನ್ನು ತಡೆದದ್ದು 2011ರ ಮೇ 13ರಂದು.

ಅದೇ ಕಾಸರಗೋಡಿನ ಕಥೆಯಲ್ಲಿ ಇನ್ನೊಂದು ಅಧ್ಯಾಯವಿದೆ, ಕೃಷಿ ಪದವೀಧರರು ಅದನ್ನು ಬಾಯಿಪಾಠ ಮಾಡಬೇಕು. ಪೆರಿಯದ ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯ ಕೆಳಹಂತದ ನೌಕರರು. ಮೇಲಿನವರೆಲ್ಲ ಸುಮ್ಮನಿದ್ದಾಗ 1998ರಲ್ಲಿ ಅವರು ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದ ಮೆಟ್ಟಿಲೇರಿದರು. 2000ದಲ್ಲಿ ವೈಮಾನಿಕ ಸಿಂಪಡಣೆಗೆ ತಡೆಯಾಜ್ಞೆ ತಂದರು. ದೊಡ್ಡ ಪದವಿಗಳಿದ್ದ ನಮ್ಮಂಥವರು ಮಾಡದ ಕೆಲಸವನ್ನು ಅವರು ಮಾಡಿದರು.

ಇನ್ನು ಕುದುರೆಮುಖ. "ಪರಿಸರವಾದಿಗಳು ಗಣಿ ಮುಚ್ಚಿಸಿ ಸಾವಿರಾರು ಜನರ ಅನ್ನ ಕಿತ್ತರು" ಎಂಬ ಆರೋಪವನ್ನು ನಾವು ಇಂದಿಗೂ ಕೇಳುತ್ತಿದ್ದೇವೆ. ಆದರೆ ಆ ಕಬ್ಬಿಣದ ಅದಿರಿನ ಗಣಿಯ ಗುತ್ತಿಗೆ ಮುಗಿದದ್ದು 1999ರಲ್ಲಿ. ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವೆಂದು ಪ್ರಕಟವಾದದ್ದು ಅದಕ್ಕೂ ಬಹಳ ಮೊದಲು, 1987ರಲ್ಲಿ. ಭದ್ರೆಯ ಒಡಲಿಗೆ ಹೂಳು ಇಳಿಯುತ್ತಿದ್ದದ್ದನ್ನು ಕೆಳದಂಡೆಯ ರೈತರು ಕಣ್ಣಾರೆ ಕಾಣುತ್ತಿದ್ದರು. ಸರ್ವೋಚ್ಚ ನ್ಯಾಯಾಲಯ 2002ರ ಅಕ್ಟೋಬರ್ 30ರಂದು ತೀರ್ಪಿತ್ತಿತು; 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು; ಕುದುರೆಮುಖದ ವಸತಿಗೃಹಗಳು ಬರಿದಾದವು. 1990ರ ದಶಕದಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ ತರುಣ "ಗುತ್ತಿಗೆ ಎಂದು ಮುಗಿಯುತ್ತದೆ? ಉದ್ಯಾನದೊಳಗೆ ಗಣಿ ಎಷ್ಟು ವರ್ಷ ನಡೆದೀತು?" ಎಂದು ಕೇಳಿದ್ದರೆ ಉತ್ತರ ಕಾಗದದಲ್ಲೇ ಇತ್ತು. ಕೇಳುವುದನ್ನು ಯಾರೂ ಅವನಿಗೆ ಕಲಿಸಲಿಲ್ಲ. ಅನ್ನ ಕಿತ್ತವರು ಯಾರು? ನಿಜ ಹೇಳಿದವರೋ, ನಿಜವನ್ನು ಕಡತದಲ್ಲಿಟ್ಟು ಕೆಲಸ ಹಂಚಿದವರೋ?

ನನ್ನ ಸಹಿ

ಬೇರೆಯವರ ವಿಷಯ ಇಷ್ಟು ಬರೆದ ಮೇಲೆ ನನ್ನದನ್ನು ಮುಚ್ಚಿಡುವುದು ಸರಿಯಲ್ಲ. 2004ರಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದಾಗ ಸಂಶೋಧನೆ ಮುಂದುವರಿಸಲು ನನ್ನ ಬಳಿ ಹಣವಿರಲಿಲ್ಲ. ಕೃಷಿ ರಾಸಾಯನಿಕಗಳ ಕಂಪನಿಯೊಂದನ್ನು ಸೇರಿದೆ. ಸೇರಿದ ದಿನವೇ ಮೂಲ ಅಂಕಪಟ್ಟಿಗಳನ್ನು ತೆಗೆದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಪ್ರತಿ ಸೋಮವಾರ ಬೆಳಿಗ್ಗೆ ಸಭೆ. ಹಿಂದಿನ ವಾರ ಕಡಿಮೆ ಮಾರಿದವನು ಎಲ್ಲರ ಮುಂದೆ ಎದ್ದು ನಿಲ್ಲಬೇಕು. ನನಗೆ ಆಗ ಇದೆಲ್ಲ ಶಿಸ್ತು ಎನ್ನಿಸಿತ್ತು.

ಆ ವರ್ಷ ಭತ್ತದ ಗದ್ದೆಗಳಲ್ಲಿ ಹೊಸ ಔಷಧಿಯೊಂದರ 6 ಪ್ರಾತ್ಯಕ್ಷಿಕೆ ತಾಕುಗಳನ್ನು ನಾನೇ ನಡೆಸಿದೆ. 2 ತಾಕುಗಳಲ್ಲಿ ಫಲ ಚೆನ್ನಾಗಿತ್ತು. 4ರಲ್ಲಿ ಔಷಧಿ ಹೊಡೆದ ಗದ್ದೆಗೂ ಹೊಡೆಯದ ಗದ್ದೆಗೂ ವ್ಯತ್ಯಾಸವೇ ಕಾಣಲಿಲ್ಲ. ವರದಿ ಬರೆದೆ. ಆ 4 ತಾಕುಗಳು ಅತಿವೃಷ್ಟಿಯಿಂದ ಹಾಳಾದವು ಎಂದು ತಿದ್ದಿ ಬರೆಯುವಂತೆ ಮೇಲಿನವರು ಸೂಚಿಸಿದರು. ಆ ವರ್ಷ ಅಲ್ಲಿ ಅತಿವೃಷ್ಟಿಯಾಗಿರಲಿಲ್ಲ. ನಾನು ತಿದ್ದಿದೆ, ಸಹಿ ಹಾಕಿದೆ. ಕರಪತ್ರ ಅಚ್ಚಾಗಿ ಬಂದಾಗ 2 ತಾಕುಗಳ ಚಿತ್ರದ ಕೆಳಗೆ ನನ್ನ ಹೆಸರಿತ್ತು, ಹೆಸರಿನ ಮುಂದೆ ಪದವಿಯಿತ್ತು. ನಮ್ಮೂರಿನ ಹಿರಿಯರೊಬ್ಬರು ಆ ಕರಪತ್ರ ನೋಡಿ ಅಂಗಡಿಯಿಂದ ಸಾಲಕ್ಕೆ ಔಷಧಿ ತಂದರು. "ನಮ್ಮ ಹುಡುಗನೇ ಹೇಳಿದ್ದಾನಲ್ಲ" ಎಂದು ಬೇರೆಯವರಿಗೂ ಹೇಳಿದರು. ಅವರ ಗದ್ದೆಗೆ ಅದರಿಂದ ಏನೂ ಆಗಲಿಲ್ಲ. ಸಾಲ ಮಾತ್ರ ಉಳಿಯಿತು. ಅವರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ನಾನು ಆ ನಂತರವೂ ತಿಂಗಳುಗಟ್ಟಲೆ ಅಲ್ಲೇ ಇದ್ದೆ. ನೌಕರಿ ಬಿಟ್ಟ ಮೇಲೆ ಅಂಕಪಟ್ಟಿ ಬಿಡಿಸಿಕೊಳ್ಳಲು ಮತ್ತಷ್ಟು ತಿಂಗಳು ಹಿಡಿಯಿತು.

ಇಂದು ಹಿಂದಿರುಗಿ ನೋಡಿದಾಗ ನನಗೆ ಸ್ಪಷ್ಟವಾಗುವ ವಿಷಯ ಇದು: ಲಕ್ಷಣಗಳೆಲ್ಲ ಮೊದಲ ದಿನವೇ ಕಂಡಿದ್ದವು. ತನ್ನ ನೌಕರನ ಅಂಕಪಟ್ಟಿಯನ್ನು ಅಡವು ಇಟ್ಟುಕೊಳ್ಳುವ ಸಂಸ್ಥೆ ಅವನ ಮಾತನ್ನೂ ಅಡವು ಇಟ್ಟುಕೊಳ್ಳುತ್ತದೆ. ನೌಕರನನ್ನು ನಂಬದ ಸಂಸ್ಥೆ ರೈತನಿಗೆ ನಿಜ ಹೇಳುತ್ತದೆ ಎಂದು ನಾನು ಯಾವ ಆಧಾರದ ಮೇಲೆ ನಂಬಿದೆ?

ಮೂರು ಸಬೂಬುಗಳು

ಈ ವಿಷಯ ಎತ್ತಿದಾಗಲೆಲ್ಲ ಮೂರು ಉತ್ತರಗಳು ಸಿದ್ಧವಾಗಿರುತ್ತವೆ.

"ನಾನು ಸೇರದಿದ್ದರೆ ಇನ್ನೊಬ್ಬ ಸೇರುತ್ತಾನೆ" ಎಂಬುದು ಮೊದಲನೆಯದು. ಇದು ಅರ್ಧಸತ್ಯ. ಕಂಪನಿಗೆ ಬೇಕಾಗಿರುವುದು ಬರೀ ಕೈಕಾಲಲ್ಲ. ಅಡಿಕೆ ತೋಟಗಳಿಗೆ ಎಲೆಚುಕ್ಕಿ ರೋಗ ಬಿದ್ದು ಮಲೆನಾಡಿನ ಬೆಳೆಗಾರ ದಿಕ್ಕೆಟ್ಟಿರುವ ಈ ವರ್ಷಗಳಲ್ಲಿ ಹೊರಗಿನವನೊಬ್ಬ ಬಂದು ನಾಲ್ಕು ಬಗೆಯ ಶಿಲೀಂಧ್ರನಾಶಕ ಹೇಳಿದರೆ ಅನುಮಾನದಿಂದ ನೋಡುತ್ತಾರೆ. ನಮ್ಮ ಮಾತಿನ ಧಾಟಿಯಲ್ಲೇ ಮಾತನಾಡುವ, ಯಾರ ತೋಟದ ಮೇಲ್ಭಾಗದಲ್ಲಿ ಸೊಪ್ಪಿನಬೆಟ್ಟವಿದೆ ಎಂದು ಬಲ್ಲ ಹುಡುಗ ಹೇಳಿದರೆ ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು ಕೇಳುತ್ತಾರೆ. ಕಂಪನಿ ಕೊಳ್ಳುತ್ತಿರುವುದು ಈ ನಂಬಿಕೆಯನ್ನು. ಅದು ನಿಮ್ಮ ಅಜ್ಜ, ಅಪ್ಪ ಗಳಿಸಿಟ್ಟದ್ದು. ಅದನ್ನು ಇನ್ನೊಬ್ಬ ಮಾರಲಾರ.

"ಒಳಗೆ ಹೋಗಿ ಸುಧಾರಿಸುತ್ತೇನೆ" ಎಂಬುದು ಎರಡನೆಯದು. ಈ ಮಾತನ್ನು ನಾನು ಗೌರವಿಸುತ್ತೇನೆ, ಆದರೆ ಅದರ ಬೆಲೆಯನ್ನೂ ಹೇಳಬೇಕು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಓದಿದ ಮಂಜುನಾಥ ಷಣ್ಮುಗಂ ಇಂಡಿಯನ್ ಆಯಿಲ್‌ನ ಮಾರಾಟ ಅಧಿಕಾರಿಯಾಗಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದವರ ವಿರುದ್ಧ ಕ್ರಮಕ್ಕೆ ಹೋಗಿ 2005ರ ನವೆಂಬರಿನಲ್ಲಿ ಕೊಲೆಯಾದರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಪ್ರಾಮಾಣಿಕತೆ ಒಬ್ಬನ ಹೆಗಲ ಮೇಲೆ ಬಿದ್ದಾಗ ಹೀಗಾಗುತ್ತದೆ. ದೂರುದಾರರ ರಕ್ಷಣೆಗೆಂದು 2014ರಲ್ಲಿ ಆದ ಕಾಯಿದೆ ಸಾರ್ವಜನಿಕ ಹುದ್ದೆಯಲ್ಲಿರುವವರ ವಿರುದ್ಧದ ದೂರುಗಳಿಗೆ ಸಂಬಂಧಿಸಿದ್ದು. ಖಾಸಗಿ ಕಂಪನಿಯ ಒಳಗಿನ ಅನ್ಯಾಯಕ್ಕೆ ಅದು ಬಾಗಿಲಲ್ಲ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು ನೌಕರರು ನಿರ್ಭಯವಾಗಿ ದೂರು ಹೇಳುವ ವ್ಯವಸ್ಥೆಯನ್ನು ಇಟ್ಟಿರಬೇಕೆಂದು 2013ರ ಕಂಪನಿ ಕಾಯಿದೆ ಹೇಳುತ್ತದೆ. ಒಳಗೆ ಹೋಗಿ ಸುಧಾರಿಸುವವರು ಮೊದಲು ಆ ಬಾಗಿಲು ತೆರೆದಿದೆಯೇ ಎಂದು ನೋಡಿಕೊಂಡು ಒಳಗೆ ಹೋಗಲಿ.

"ಎಲ್ಲ ಕಂಪನಿಗಳೂ ಒಂದೇ" ಎಂಬುದು ಮೂರನೆಯದು. ವಿಷಾದದ ಸಂಗತಿಯೆಂದರೆ ಇದನ್ನು ಹೇಳುವವರಲ್ಲಿ ನಮ್ಮ ಚಳವಳಿಯ ಮಿತ್ರರೇ ಹೆಚ್ಚು. ಎಲ್ಲವೂ ಒಂದೇ ಆಗಿದ್ದರೆ ಅತಿ ಕೆಟ್ಟದ್ದನ್ನು ಸೇರುವುದರಲ್ಲೂ ತಪ್ಪಿಲ್ಲ ಎಂದಾಯಿತಲ್ಲ! ಕೂಲಿಯವನಿಗೆ ಕೈಗವಸು, ಮುಖಗವಸು ಕೊಡುವ ಸಂಸ್ಥೆಗೂ ಕೊಡದ ಸಂಸ್ಥೆಗೂ ವ್ಯತ್ಯಾಸವಿದೆ. ಕೆಟ್ಟ ಬೀಜ ಮಾರಿ ಹಣ ಹಿಂದಿರುಗಿಸುವವನಿಗೂ ಬಿತ್ತಿದ ರೈತನದೇ ತಪ್ಪು ಎನ್ನುವವನಿಗೂ ವ್ಯತ್ಯಾಸವಿದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಕೀಟನಾಶಕ ಸಿಂಪಡಿಸುತ್ತಿದ್ದ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ವಿಷವೇರಿ ಸತ್ತರಲ್ಲ, ಅವರಿಗೆ ಆ ವ್ಯತ್ಯಾಸ ಸಾವುಬದುಕಿನದಾಗಿತ್ತು. ಸಣ್ಣ ವ್ಯತ್ಯಾಸಗಳನ್ನು ಗುರುತಿಸಲು ನಿರಾಕರಿಸುವುದು ಶುದ್ಧತೆಯಲ್ಲ, ಸೋಮಾರಿತನ.

ವಿಚಾರಿಸುವುದು ಹೇಗೆ?

ಹಾಗಾದರೆ ಏನು ಕೇಳಬೇಕು, ಎಲ್ಲಿ ಕೇಳಬೇಕು? ದೊಡ್ಡ ವಿದ್ಯೆಯೇನೂ ಬೇಡ.

ಮೊದಲು, ಬಿಟ್ಟು ಬಂದವರನ್ನು ಹುಡುಕಿ. ಇರುವವರು ಭಯದಿಂದ ಹೊಗಳಬಹುದು. ಬಿಟ್ಟವರಲ್ಲಿ ಕೆಲವರು ಸಿಟ್ಟಿನಿಂದ ತೆಗಳಬಹುದು. ಮೂವರನ್ನು ಕೇಳಿದರೆ ನಿಜ ತಾನಾಗಿ ಹೊರಬರುತ್ತದೆ. ಕೊನೆಯ ತಿಂಗಳ ಸಂಬಳ ಕೊಟ್ಟರೇ? ಭವಿಷ್ಯನಿಧಿ ತುಂಬಿದ್ದರೇ? ಮಾರಾಟವಾಗದೆ ಉಳಿದ ಸರಕಿನ ಹಣವನ್ನು ಯಾರ ತಲೆಗೆ ಕಟ್ಟಿದರು?

ಎರಡನೆಯದಾಗಿ, ಸಂಬಳದಲ್ಲಿ ಎಷ್ಟು ಪಾಲು ನಿಶ್ಚಿತ, ಎಷ್ಟು ಪಾಲು ಮಾರಾಟಕ್ಕೆ ಗಂಟು ಹಾಕಿದ್ದು ಎಂದು ಕೇಳಿ. ವೈದ್ಯನಿಗೆ ರೋಗಿಯ ಔಷಧಿಯ ಲೆಕ್ಕದಲ್ಲಿ ಸಂಬಳ ಕೊಟ್ಟರೆ ಆ ಊರಿನಲ್ಲಿ ಆರೋಗ್ಯವಂತರೇ ಇರುವುದಿಲ್ಲ. ಕೃಷಿ ಸಲಹೆಗಾರನ ವಿಷಯವೂ ಇಷ್ಟೇ.

ಮೂರನೆಯದಾಗಿ, ಮೂಲ ಅಂಕಪಟ್ಟಿ ಕೇಳುತ್ತಾರೆಯೇ, ಇಷ್ಟು ವರ್ಷ ಬಿಡುವಂತಿಲ್ಲವೆಂದು ಬರೆಸಿಕೊಳ್ಳುತ್ತಾರೆಯೇ ನೋಡಿ. ಪರಿಶೀಲಿಸಿ ಹಿಂದಿರುಗಿಸುವುದು ಬೇರೆ, ಇಟ್ಟುಕೊಳ್ಳುವುದು ಬೇರೆ.

ನಾಲ್ಕನೆಯದಾಗಿ, ನಿಮಗಿಂತ ಕೆಳಗಿರುವವರನ್ನು ನೋಡಿ. ಸಂದರ್ಶನಕ್ಕೆ ಹೋದ ದಿನ ಅರ್ಧ ಗಂಟೆ ಮೊದಲೇ ಹೋಗಿ ಬಾಗಿಲು ಕಾಯುವವನ ಜೊತೆ, ಗೋದಾಮಿನಲ್ಲಿ ಮೂಟೆ ಹೊರುವವನ ಜೊತೆ ಮಾತನಾಡಿ. ಹೆಣ್ಣುಮಕ್ಕಳು ಇನ್ನೊಂದನ್ನು ಕೇಳಲೇಬೇಕು: 10 ಅಥವಾ ಹೆಚ್ಚು ಜನರಿರುವ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯಿದೆ ವಿಧಿಸಿದೆ. ಸಮಿತಿಯ ಸದಸ್ಯರ ಹೆಸರನ್ನೇ ಹೇಳಲಾರದ ಕಚೇರಿಯಲ್ಲಿ ಸಮಿತಿ ಇಲ್ಲವೆಂದೇ ತಿಳಿಯಿರಿ.

ಐದನೆಯದಾಗಿ, ದಾಖಲೆಗಳನ್ನು ಓದಿ. ಷೇರುಪೇಟೆಯ ಮೊದಲ 1000 ಕಂಪನಿಗಳು 2022-23ನೇ ಸಾಲಿನಿಂದ ತಮ್ಮ ಹೊಣೆಗಾರಿಕೆಯ ವರದಿಯನ್ನು ಸೆಬಿಯ ನಮೂನೆಯಲ್ಲಿ ಕಡ್ಡಾಯವಾಗಿ ಪ್ರಕಟಿಸಬೇಕಾಗಿದೆ. ಎಷ್ಟು ನೌಕರರು ಬಿಟ್ಟುಹೋದರು, ಎಷ್ಟು ಅಪಘಾತಗಳಾದವು, ಎಷ್ಟು ದಂಡ ಬಿತ್ತು ಎಂಬುದನ್ನೆಲ್ಲ ಅದರಲ್ಲಿ ಹೇಳಬೇಕು. ಕಾರ್ಖಾನೆಗಳಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರ, ನೋಟಿಸುಗಳನ್ನು 2005ರ ಮಾಹಿತಿ ಹಕ್ಕು ಕಾಯಿದೆಯ ಅಡಿಯಲ್ಲಿ ಕೇಳಿ ಪಡೆಯಬಹುದು. ಊರಿನ ಶಾಲೆಗೆ ಬಣ್ಣ ಹೊಡೆಸಿದರು, ಬೆಂಚು ಕೊಟ್ಟರು ಎಂದು ಮಾತ್ರ ಮರುಳಾಗಬೇಡಿ. ನಿಗದಿತ ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಲಾಭದ ಸರಾಸರಿಯ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಕ್ಕೆ ವ್ಯಯಿಸಬೇಕೆಂಬುದು ಕಂಪನಿ ಕಾಯಿದೆಯ ವಿಧಿ. ಅದು ತೆರಿಗೆಯಂಥದ್ದು, ತೆರಿಗೆ ಕಟ್ಟಿದವನನ್ನು ದಾನಶೂರನೆಂದು ಯಾರೂ ಕರೆಯುವುದಿಲ್ಲ.

ಕೊನೆಯದಾಗಿ, ಕೃಷಿ ಪದವೀಧರರು ಸಂದರ್ಶನದಲ್ಲಿ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಲಿ: "ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣವೇ ಸಾಕು, ನಮ್ಮ ಔಷಧಿ ಬೇಡ ಎಂದು ಬೆಳೆಗಾರನಿಗೆ ಹೇಳುವ ಸ್ವಾತಂತ್ರ್ಯ ನನಗಿದೆಯೇ?" 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೆರೆಸುವ ಆ ವಿದ್ಯೆ ಮಲೆನಾಡಿನ ಪ್ರತಿ ಮನೆಗೂ ಗೊತ್ತು. ಈ ಪ್ರಶ್ನೆಗೆ ಸಿಗುವ ಉತ್ತರ, ಉತ್ತರ ಕೊಡುವವರ ಮುಖಭಾವ, ಎರಡರಲ್ಲೂ ಕಂಪನಿಯ ಮನೆತನ ಗೊತ್ತಾಗುತ್ತದೆ.

ನಮ್ಮನ್ನೂ ಕೇಳಲಿ

ಇಷ್ಟೆಲ್ಲ ಹೇಳಿ ಕೈತೊಳೆದುಕೊಳ್ಳುವ ಹಕ್ಕು ನಮಗಿಲ್ಲ. ನಾವೂ ಉದ್ಯೋಗದಾತರೇ. ಜಡಿಮಳೆಯಲ್ಲಿ ಜಾರುವ ಮರವನ್ನೇರಿ ನಮ್ಮ ಕೊನೆಗಳಿಗೆ ಮದ್ದು ಹೊಡೆಯುವ ಕೊನೆಗಾರನಿಗೆ ನಮ್ಮಲ್ಲಿ ಎಷ್ಟು ಮಂದಿ ವಿಮೆ ಮಾಡಿಸಿದ್ದೇವೆ? ಮೈಲುತುತ್ತದ ಹನಿ ಕಣ್ಣಿಗೆ ಬೀಳದಂತೆ ಕನ್ನಡಕ ಕೊಟ್ಟಿದ್ದೇವೆಯೇ? ಅವನು ಬಿದ್ದು ಸೊಂಟ ಮುರಿದುಕೊಂಡ ವರ್ಷ ಆಸ್ಪತ್ರೆಯ ಖರ್ಚಿನ ಮಾತು ಬಂದಾಗ ನಮ್ಮ ಧ್ವನಿ ಯಾವ ಕಂಪನಿಯ ವಕೀಲನ ಧ್ವನಿಗಿಂತ ಬೇರೆಯಾಗಿತ್ತು? ನಮ್ಮ ಸಂಘಟನೆಗಳಲ್ಲಿ ದುಡಿಯುವ ಕಾರ್ಯಕರ್ತರಿಗೆ ಸೇವೆಯ ಹೆಸರಿನಲ್ಲಿ ನಾವು ಕೊಡುವ ಗೌರವಧನ ಗೌರವಯುತವಾಗಿದೆಯೇ? ಈ ಪ್ರಶ್ನೆಗಳನ್ನು ನಮಗೆ ಕೇಳಿಕೊಳ್ಳದೆ ಕಂಪನಿಗಳನ್ನು ಕೇಳಿದರೆ ನಮ್ಮ ಮಕ್ಕಳೇ ನಗುತ್ತಾರೆ.

ಶಿಕ್ಷಣ ಸಾಲದ ಕಂತು ಬಾಗಿಲಲ್ಲಿ ನಿಂತಿರುವ ಹುಡುಗನಿಗೆ "ಆ ಕೆಲಸ ಬಿಡು" ಎಂದು ಹೇಳುವುದೂ ಸುಲಭವಲ್ಲ. ಹಾಗೆ ಹೇಳುವವನು ಬೇರೆ ದಾರಿಯನ್ನೂ ತೋರಿಸಬೇಕು. ನಾನು ಕೇಳುತ್ತಿರುವುದು ತ್ಯಾಗವನ್ನಲ್ಲ, ತಿಳಿವಳಿಕೆಯನ್ನು. ಸೇರುವುದಾದರೆ ಕಣ್ಣು ತೆರೆದು ಸೇರಬೇಕು. ಯಾವ ಕಾಗದಕ್ಕೆ ಸಹಿ ಹಾಕುತ್ತೇನೆ, ಯಾವುದಕ್ಕೆ ಹಾಕುವುದಿಲ್ಲ ಎಂಬುದನ್ನು ಸೇರುವ ಮೊದಲೇ ನಿರ್ಧರಿಸಿಕೊಂಡಿರಬೇಕು. ಕೆಲಸಕ್ಕೆ ಸೇರಿ ಆರು ತಿಂಗಳಾದ ಮೇಲೆ ಆ ನಿರ್ಧಾರ ಮಾಡುವ ಧೈರ್ಯ ಉಳಿಯುವುದಿಲ್ಲ ಎಂಬುದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಆ ತರುಣನ ವಿಷಯ ಹೇಳಿ ಮುಗಿಸುತ್ತೇನೆ. ನನ್ನ ಮಾತು ಕೇಳಿ ಅವನು ಅದೇ ಕಂಪನಿ ಬಿಟ್ಟು ಬಂದಿದ್ದ ಇಬ್ಬರನ್ನು ಹುಡುಕಿದ. ಉಳಿದ ಸರಕಿನ ಹಣವನ್ನು ಸಂಬಳದಿಂದ ಮುರಿದುಕೊಳ್ಳುತ್ತಾರೆ ಎಂದು ಇಬ್ಬರೂ ಹೇಳಿದರು. ಅವನು ಹದಿನೈದು ದಿನ ಯೋಚಿಸಿ ಕೆಲಸಕ್ಕೆ ಸೇರಿದ. ಮನೆಯ ಸ್ಥಿತಿ ಹಾಗಿತ್ತು. ಆದರೆ ಸೇರುವ ಮೊದಲು ಸರಕಿನ ಹೊಣೆ ತನ್ನದಲ್ಲವೆಂದು ಬರೆಸಿಕೊಂಡ, ಅಂಕಪಟ್ಟಿಯ ನಕಲನ್ನು ಮಾತ್ರ ಕೊಟ್ಟ. ಕಂಪನಿ ಒಪ್ಪಿತು. ಕೇಳಿದವನಿಗೆ ಒಪ್ಪಿದ ಷರತ್ತು ಕೇಳದ ಉಳಿದವರಿಗೆ ಸಿಕ್ಕಿಲ್ಲ. ಕೇಳುವುದರಿಂದ ಏನು ಪ್ರಯೋಜನ ಎನ್ನುವವರಿಗೆ ನನ್ನ ಬಳಿ ಇರುವ ಉತ್ತರ ಇಷ್ಟೇ. ಅವನ ಮುಂದಿನ ಪರೀಕ್ಷೆ ಯಾವುದೋ ತೋಟದಲ್ಲಿ, ಯಾವುದೋ ಕರಪತ್ರದ ಎದುರು ಬರಲಿದೆ. ಅಂದು ಅವನು ಒಂಟಿಯಾಗಿರಬಾರದು.

ಅದಕ್ಕಾಗಿ ನಮ್ಮ ಬಳಗಕ್ಕೆ ಒಂದು ಸಲಹೆ. ಮಲೆನಾಡಿನ ಹುಡುಗ ಹುಡುಗಿಯರು ಕೆಲಸ ಮಾಡಿ ಬಂದ ಕಂಪನಿ, ನಿಗಮ, ಎಸ್ಟೇಟು, ಸಂಸ್ಥೆಗಳ ಅನುಭವವನ್ನು ಒಂದು ಪುಸ್ತಕದಲ್ಲಿ ದಾಖಲಿಸೋಣ. ಕೇಳಿದ್ದನ್ನಲ್ಲ, ಕಂಡದ್ದನ್ನು ಮಾತ್ರ, ಒಳ್ಳೆಯದನ್ನೂ ಕೆಟ್ಟದ್ದನ್ನೂ, ಬರೆದವರು ತಮ್ಮ ಹೊಣೆಯಲ್ಲೇ ಬರೆಯಲಿ. ಹೊಸದಾಗಿ ಸೇರುವವರು ಬಂದು ಓದಿಕೊಂಡು ಹೋಗಲಿ. ಹೆಣ್ಣು ಕೊಡುವಾಗ, ತರುವಾಗ ಮೂರು ಊರು ಸುತ್ತುವ ನಾವು ಇಷ್ಟನ್ನಾದರೂ ಮಾಡಬಹುದು. ಆ ಪುಸ್ತಕದ ಮೊದಲ ಪುಟವನ್ನು, 2004ರ ಆ 6 ತಾಕುಗಳ ನಿಜವಾದ ಫಲಿತಾಂಶದೊಂದಿಗೆ, ನಾನು ಬರೆದು ಕೊಡುತ್ತೇನೆ.